ಸರ್ಕಾರ ಬೇಡದ ಓಣಿಯಲ್ಲಿ ಒಂದು ದುಂಡು ಮೊಹರು

"ಇದು ಆಗೋ ಮಾತಲ್ಲ ಬಿಡಕ್ಕ" ಎಂದವರು ನನ್ನ ಸೋದರಮಾವ ಪರಮೇಶಪ್ಪ. ದಾವಣಗೆರೆಯ ನಮ್ಮ ಮನೆಯ ಹೊಸ್ತಿಲ ಮೇಲೆ ಕೂತು, ಅವ್ವ ಕರಿದುಕೊಟ್ಟ ಮೆಣಸಿನಕಾಯಿ ಬಜ್ಜಿಯನ್ನು ಮಂಡಕ್ಕಿಯ ಜೊತೆ ಕಚ್ಚುತ್ತಾ ಹೇಳಿದರು. ನನ್ನ ಪಿಯುಸಿ ಫಲಿತಾಂಶ ಬಂದ ದಿನ ಅದು. "ನಮ್ಮ ವಂಶದಾಗೆ ಡಿಗ್ರಿ ನಿಲ್ಲಲ್ಲ. ನಾನೇ ಡಿಪ್ಲೊಮಾಕ್ಕೆ ಇಳಿದೆ. ಇವಳನ್ನ ಟೈಪಿಂಗಿಗೆ ಹಾಕು."

ಅಪ್ಪ ಎಪಿಎಂಸಿಯಲ್ಲಿ ಮೂಟೆ ಹೊರುವ ಹಮಾಲ. ಅವ್ವ ತಾಲ್ಲೂಕು ಕಚೇರಿಯಲ್ಲಿ ಕಸ ಗುಡಿಸುವವಳು. ಅವಳು ತಮ್ಮನ ಮುಂದಿದ್ದ ಬಜ್ಜಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅರ್ಧ ಕಚ್ಚಿದ ಬಜ್ಜಿ ಮಾತ್ರ ಮಾವನ ಕೈಯಲ್ಲಿ ಉಳಿಯಿತು.

ನಾನು ಬಿ.ಎ. ಮುಗಿಸಿದೆ, ಎಂ.ಎ. ಮುಗಿಸಿದೆ. ಅವ್ವ ಗುಡಿಸುತ್ತಿದ್ದ ಅದೇ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾದೆ. ಸಾಲದೆಂದು ರಾಜ್ಯಶಾಸ್ತ್ರದಲ್ಲಿ ಪಿಎಚ್.ಡಿ.ಗೂ ಹೆಸರು ಹಚ್ಚಿದೆ. ನನ್ನ ವಿಷಯ ಇದು: ಸರ್ಕಾರ ಎಷ್ಟು ಸಣ್ಣದಿದ್ದರೆ ಅಷ್ಟು ಒಳ್ಳೆಯದು ಎನ್ನುವ ಜನ ಗಂಟುಮೂಟೆ ಕಟ್ಟಿ, ಒಂದೇ ಪುಟ್ಟ ಜಾಗಕ್ಕೆ ಹೋಗಿ ನೆಲೆಸಿ, ಅಲ್ಲಿ ಓಟು ಹಾಕಿ ಗೆದ್ದು, ಅಲ್ಲಿನ ಸರ್ಕಾರವನ್ನೇ ಕುಗ್ಗಿಸಲು ಹೊರಡುವ ವಲಸೆ. ಅಮೆರಿಕದಲ್ಲಿ ಇಂಥವರು ಒಂದು ಚಿಕ್ಕ ರಾಜ್ಯವನ್ನೇ ಆರಿಸಿಕೊಂಡಿದ್ದಾರೆ. ನನ್ನ ಸಂಬಳಕ್ಕೆ ಅಮೆರಿಕ ನಕ್ಷೆಯಲ್ಲಿ ಮಾತ್ರ ಎಟುಕುತ್ತದೆ. ಗೈಡು ಬೇರೆ ಗಡುವು ಹಾಕಿದ್ದರು. "ನೋಂದಣಿ ಇನ್ನೊಮ್ಮೆ ಮುಂದುವರಿಸೋಕೆ ಆಗಲ್ಲಮ್ಮ. ಕ್ಷೇತ್ರಕಾರ್ಯ ಮಾಡಿದ್ದಕ್ಕೆ ಅಲ್ಲಿನ ಸಂಸ್ಥೆಯಿಂದ ಪ್ರಮಾಣಪತ್ರ ತನ್ನಿ. ಸಹಿ ಇರಲಿ, ದುಂಡು ಮೊಹರು ಇರಲಿ. ಇಲ್ಲದಿದ್ದರೆ ಇಷ್ಟು ವರ್ಷದ್ದು ಅಲ್ಲಿಗೇ ಮುಗೀತು."

ಆಗ ನೈರೋಬಿಯಿಂದ ಮಾವನ ಫೋನು ಬಂತು. ಅಲ್ಲೊಂದು ಔಷಧ ಕಾರ್ಖಾನೆಯಲ್ಲಿ ಅವರು ಪ್ರೊಡಕ್ಷನ್ ಮ್ಯಾನೇಜರ್. "ಅಮೆರಿಕಕ್ಕೆ ಯಾಕೆ ಹೋಗ್ತೀಯ? ನಿನ್ನ ಸಬ್ಜೆಕ್ಟು ನಮ್ಮ ಓಣೀಲೇ ನಡೀತಾ ಇದೆ. ನಾನೇ ಅದರ ಲೀಡರ್. ಲೀಡರ್ ಅನ್ನಬಾರದು, ನಮ್ಮಲ್ಲಿ ಲೀಡರ್ ಇಲ್ಲ. ಆದ್ರೂ ನಾನೇ."

ಟ್ರಾಫಿಕ್ ಜಾಮಿನಲ್ಲಿ ಮೊದಲ ಪಾಠ

ನೈರೋಬಿಯ ವಿಮಾನ ನಿಲ್ದಾಣದಿಂದ ಮಾವನ ಮನೆಯಿರುವ ಲೊರೆಶೋ ಬಡಾವಣೆಗೆ ಹೋಗುವ ದಾರಿಯಲ್ಲಿ ನಾನು ನೋಡಿದ್ದು ಜಿರಾಫೆಯಲ್ಲ, ಲಾರಿಗಳ ಹಿಂಭಾಗ. ಇಂಡಸ್ಟ್ರಿಯಲ್ ಏರಿಯಾದ ಹತ್ತಿರ ಅವು ನಮ್ಮ ಎಪಿಎಂಸಿ ಗೇಟಿನ ಮುಂದೆ ನಿಲ್ಲುವ ಹಾಗೆಯೇ ನಿಂತಿದ್ದವು. ವ್ಯತ್ಯಾಸವೆಂದರೆ ಇಲ್ಲಿ ಯಾರೂ ಹಾರ್ನ್ ಒತ್ತುತ್ತಿರಲಿಲ್ಲ. ಅಷ್ಟೊಂದು ತಾಳ್ಮೆ ಕಂಡು ನನಗೇ ದಿಗಿಲಾಯಿತು.

"ಮಾವ, ಮೊದಲು ಸೌತ್ ಬಿ ಏರಿಯಾದಲ್ಲಿ ಇದ್ರಲ್ಲ? ಫ್ಯಾಕ್ಟರಿ ಅಲ್ಲೇ ಪಕ್ಕ ಅಂತಿದ್ರಿ."

"ಹೂಂ. ಈಗ ಊರಿನ ಆ ತುದಿಯಿಂದ ಈ ತುದಿಗೆ ಬರ್ತೀನಿ. ದಿನಾ ಮೂರು ಗಂಟೆ ಜಾಮು."

"ಯಾಕೆ?"

"ಸ್ವಾತಂತ್ರ್ಯಕ್ಕೆ" ಎಂದರು, ಬ್ರೇಕಿನಿಂದ ಕಾಲು ತೆಗೆಯದೆ.

ಆಮೇಲೆ ವಿವರಿಸಿದರು. ನೈರೋಬಿಯ ಇಂಥ ಬಡಾವಣೆಗಳಲ್ಲಿ ಓಣಿಯ ಗೇಟು, ಕಾವಲುಗಾರ, ಕಸದ ಲಾರಿ, ಬೀದಿ ದೀಪ, ಬೋರ್‌ವೆಲ್ ಎಲ್ಲವನ್ನೂ ನೋಡಿಕೊಳ್ಳುವುದು ನಿವಾಸಿಗಳ ಸಂಘ. ಆ ಸಂಘವೇ ಓಣಿಯ ಸರ್ಕಾರ. ಮಾವನ ಗುಂಪಿನವರು ಸೌತ್ ಬಿಯಿಂದ, ಮೊಂಬಾಸಾದಿಂದ, ಪುಣೆಯಿಂದ ಬಂದಿದ್ದರು. ಒಬ್ಬನಂತೂ ಅಮೆರಿಕದ ಟೆಕ್ಸಾಸಿನಿಂದ. ಒಬ್ಬೊಬ್ಬರಾಗಿ ಲೊರೆಶೋದ ಒಂದೇ ಓಣಿಯಲ್ಲಿ ಮನೆ ಹಿಡಿದಿದ್ದರು. ಇಪ್ಪತ್ತೊಂದು ಮನೆಗಳಲ್ಲಿ ಈಗ ಹನ್ನೊಂದು ಅವರವು. ಬರುವ ಭಾನುವಾರ ಸಂಘದ ಚುನಾವಣೆ. ಗೆಲ್ಲುವುದು, ಗೆದ್ದ ಕೂಡಲೇ ಸಂಘವನ್ನು ವಿಸರ್ಜಿಸುವುದು, ಆಮೇಲೆ ಯಾರಿಗೆ ಏನು ಬೇಕೋ ಅವರೇ ಮಾಡಿಕೊಳ್ಳುವುದು. ಇದು ಯೋಜನೆ.

ನನ್ನ ಚಿಂತೆ ನನಗೆ. "ಮಾವ, ಹೊರಡೋವಾಗ ನನಗೊಂದು ಸರ್ಟಿಫಿಕೇಟ್ ಬೇಕು. ಲೆಟರ್‌ಹೆಡ್ ಮೇಲೆ. ಮೊಹರು ಹಾಕಿ."

ಮಾವ ನನ್ನ ಕಡೆ ತಿರುಗಿ ನಕ್ಕರು. "ಲೆಟರ್‌ಹೆಡ್ ಇಲ್ಲ. ಮೊಹರಿಲ್ಲ. ನಾವು ಸರ್ಟಿಫಿಕೇಟ್ ಕೊಡೋ ಜನ ಅಲ್ಲ ಕಣೇ ರೇಣುಕಾ. ಒಬ್ಬ ಮನುಷ್ಯನಿಗೆ ಇನ್ನೊಬ್ಬ ಮನುಷ್ಯ ಯಾಕೆ ಸರ್ಟಿಫಿಕೇಟ್ ಕೊಡಬೇಕು?"

ಮೆಣಸಿನಕಾಯಿ ಬಜ್ಜಿಯ ವಾಸನೆ ಥಟ್ಟನೆ ಮೂಗಿಗೆ ಬಂದ ಹಾಗಾಯಿತು.

ಲೊರೆಶೋ: ಸಕ್ಕರೆ ಅವರವರದು

ಓಣಿ ಚೆನ್ನಾಗಿತ್ತು. ನೀಲಿ ಹೂವಿನ ಮರಗಳು, ಎತ್ತರದ ಬೇಲಿಗಳು, ಓಣಿಯ ಬಾಯಲ್ಲಿ ಕರಿ ಗೇಟು. ಗೇಟಿನಲ್ಲಿ ಓಟಿಯೆನೋ ಎಂಬ ಐವತ್ತು ದಾಟಿದ ಕಾವಲುಗಾರ. ಕಾವಲುಗಾರನಿಗೆ ಇಲ್ಲಿ ಅಸ್ಕಾರಿ ಎನ್ನುತ್ತಾರೆ. ಆತ ಪ್ರತಿ ಕಾರಿನ ನಂಬರನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ, ಐದು ನಿಮಿಷದ ಹಿಂದೆ ಹೊರಗೆ ಹೋದ ಕಾರನ್ನೂ. ನಮ್ಮ ಕಚೇರಿಯಲ್ಲಿ ಆವಕ ಪುಸ್ತಕವನ್ನು ಇಷ್ಟು ಶ್ರದ್ಧೆಯಿಂದ ಬರೆಯುವವರಿದ್ದರೆ ಎಷ್ಟೋ ಫೈಲುಗಳು ಇನ್ನೂ ಬದುಕಿರುತ್ತಿದ್ದವು.

ಮಾವನ ಹೆಂಡತಿ ಶೈಲತ್ತೆ ಬೆಂಗಳೂರಿನವರು. ಬಾಗಿಲಲ್ಲೇ ನನ್ನ ಕೈ ಹಿಡಿದು, "ಬಾಮ್ಮ, ನಮ್ಮನೆಯವ್ರ ಹುಚ್ಚಿನ ಮೇಲೆ ಡಾಕ್ಟರೇಟ್ ಮಾಡ್ತಿದ್ಯಂತಲ್ಲ, ನನಗೆ ಮೊದಲೇ ಹೇಳಿದ್ರೆ ನಾನೇ ಬರೀತಿದ್ದೆ" ಎಂದರು. ಮಗಳು ಅನನ್ಯಾಳಿಗೆ ಹದಿನಾರು. ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವವಳು. "ಡ್ಯಾಡ್ ಹ್ಯಾಸ್ ಮೀಟಿಂಗ್ಸ್ ಎವ್ರಿ ಡೇ ಟು ಸ್ಟಾಪ್ ಮೀಟಿಂಗ್ಸ್" ಎಂದು ನನಗೆ ಮೊದಲ ದಿನವೇ ಸಂಶೋಧನೆಯ ಸಾರಾಂಶ ಕೊಟ್ಟಳು.

ಅವಳು ಹೇಳಿದ್ದು ಸುಳ್ಳಲ್ಲ. ಸಂಜೆಯ ಸಭೆಗಳಿಗೆ ಅಧ್ಯಕ್ಷರಿರಲಿಲ್ಲ, ಏಕೆಂದರೆ ಯಾರೂ ಯಾರ ಮೇಲೂ ಅಧಿಕಾರ ನಡೆಸಕೂಡದು. ಆದ್ದರಿಂದ ಮೊದಲು ಬಾಯಿ ತೆರೆದವರು ಮುಚ್ಚುತ್ತಿರಲಿಲ್ಲ. ಸಾಮೂಹಿಕ ಚಹಾ ಇರಲಿಲ್ಲ. ಪ್ರತಿಯೊಬ್ಬರೂ ತಮ್ಮ ಫ್ಲಾಸ್ಕು ತಮ್ಮ ಲೋಟ ತರುತ್ತಿದ್ದರು. ಮೊಂಬಾಸಾದಿಂದ ಬಂದವರೊಬ್ಬರು ಒಮ್ಮೆ ಸಕ್ಕರೆ ಮರೆತು ಬಂದು, ಪಕ್ಕದವರನ್ನು ಕೇಳಲು ನಾಚಿ, ಒಂದೂವರೆ ಗಂಟೆ ಕಹಿ ಚಹಾ ಕುಡಿದು ಸ್ವಾವಲಂಬನೆಯ ಬಗ್ಗೆ ಮಾತಾಡಿದರು.

ನಾನು ಪ್ರಶ್ನಾವಳಿ ಹಂಚಿದೆ. ಉತ್ತರ ಧಾರಾಳವಾಗಿ ಸಿಕ್ಕಿತು. ಕೆಳಗೆ ಸಹಿ ಹಾಕಿ ಎಂದಾಗ ಪೆನ್ನುಗಳೆಲ್ಲ ಒಟ್ಟಿಗೇ ಜೇಬಿಗೆ ಹೋದವು. ಸಹಿ ಹಾಕಿಸಿಕೊಳ್ಳುವುದೇ ದಬ್ಬಾಳಿಕೆಯ ಮೊದಲ ಮೆಟ್ಟಿಲಂತೆ.

ಟೆಕ್ಸಾಸಿನ ಡೇಲ್‌ಗೆ ನನ್ನ ಮೇಲೆ ವಿಶೇಷ ಮರುಕ ಹುಟ್ಟಿತು. ನಾನು ಸರ್ಕಾರಿ ನೌಕರಳು, ವಿದೇಶಕ್ಕೆ ಬರಲು ಇಲಾಖೆಯಿಂದ ನಿರಾಕ್ಷೇಪಣಾ ಪತ್ರ ಪಡೆದೆ ಎಂದು ಮಾತಿನ ನಡುವೆ ಹೇಳಿಬಿಟ್ಟೆ. ಆತ ಕುರ್ಚಿ ಹತ್ತಿರ ಎಳೆದುಕೊಂಡ. ನಿನ್ನ ಊರು ಬಿಟ್ಟು ಬರಲು ನಿನಗೆ ಅನುಮತಿ ಬೇಕಾಯಿತೇ ಎಂದು ಮೆಲ್ಲನೆ ಕೇಳಿದ. ಪತ್ರ ತೋರಿಸಿದೆ. ಅದರ ಫೋಟೊ ತೆಗೆದುಕೊಂಡ. ಮರುದಿನ ಓಣಿಯಲ್ಲಿ ನಾನು ಸರ್ಕಾರದ ಕೈಯಿಂದ ತಪ್ಪಿಸಿಕೊಂಡು ಬಂದವಳೆಂದು ಸುದ್ದಿ. ನಾನು ಹದಿನೈದು ದಿನ ಗಳಿಕೆ ರಜೆ ಹಾಕಿ ಬಂದವಳು, ಬುಧವಾರದ ವಿಮಾನಕ್ಕೆ ವಾಪಸು ಹೊರಟವಳು ಎಂದರೆ, "ಪಾಪ, ಹಾಗೇ ಹೇಳಬೇಕಲ್ಲ" ಎಂಬ ಹಾಗೆ ತಲೆಯಾಡಿಸುತ್ತಿದ್ದ.

ಸೌತ್ ಬಿಗೆ ಒಂದು ಮಟಾಟು

ಶೈಲತ್ತೆಗೆ ಹಳೆಯ ನೆರೆಯವರನ್ನು ನೋಡುವ ಆಸೆ. ಮಾವನ ಕಾರು ಕಾರ್ಖಾನೆಗೆ ಹೋಗಿತ್ತು. ನಾವಿಬ್ಬರೂ ಊರೊಳಗೆ ಇಳಿದು ಇನ್ನೊಂದು ಮಟಾಟು ಹತ್ತಿದೆವು. ಮಟಾಟು ಎಂದರೆ ನಮ್ಮ ಟೆಂಪೋಗೆ ಮದುವೆ ಬ್ಯಾಂಡು ಕಟ್ಟಿದ ಹಾಗೆ. ಎದೆಗೂಡು ನಡುಗುವಷ್ಟು ಸಂಗೀತ. ಜನಸಂದಣಿಯಲ್ಲಿ ಶೈಲತ್ತೆಗೆ ಮುಂದೆ ಸೀಟು, ನನಗೆ ಹಿಂದೆ. ನಮ್ಮ ನಿಲ್ದಾಣ ಬಂತು ಎಂದು ಅತ್ತೆ ಕೈ ಮಾಡಿ ಇಳಿದುಬಿಟ್ಟರು. ಗಾಡಿ ಹೊರಟಿತು. "ಶುಕಿಶಾ" ಎಂದು ಕೂಗಿದರೆ ಇಳಿಸುತ್ತಾರೆಂದು ಅನನ್ಯಾ ಕಲಿಸಿಕೊಟ್ಟಿದ್ದಳು. ಆ ಕ್ಷಣಕ್ಕೆ ಅದು ನಾಲಿಗೆಗೆ ಬರಲಿಲ್ಲ. ಬಂದದ್ದು ಬೇರೆ.

"ಹೋಲ್ಡಾನ್!"

ದಾವಣಗೆರೆ ಸಿಟಿ ಬಸ್ಸಿನಲ್ಲಿ ಮೂವತ್ತು ವರ್ಷ ಪಳಗಿದ ಗಂಟಲು ನನ್ನದು. ಸಂಗೀತದ ಮೇಲೂ ಕೇಳಿಸಿತು. ಮಟಾಟು ಗಕ್ಕನೆ ನಿಂತಿತು. ಕಂಡಕ್ಟರು ನನಗೆ ದಾರಿ ಬಿಟ್ಟು ಸೆಲ್ಯೂಟು ಹೊಡೆದ. "ಅಸಾಂಟೆ" ಎಂದು ಧನ್ಯವಾದ ಹೇಳಿ ಇಳಿದೆ. ಅಭ್ಯಾಸಬಲದಿಂದ ಗಾಡಿಯ ಬೆನ್ನಿಗೆ ಎರಡು ಸಲ ತಟ್ಟಿ "ರೈಟ್" ಎಂದೂ ಅಂದೆ. ಹೊರಟಿತು! ನನಗೆ ಆ ದೇಶದಲ್ಲಿ ಅಷ್ಟು ವಿಧೇಯರಾದವರು ಬೇರೆ ಯಾರೂ ಸಿಗಲಿಲ್ಲ.

ಸೌತ್ ಬಿಯಲ್ಲಿ ಅತ್ತೆ ಹಳೆಯ ಮನೆಯ ಮುಂದೆ ನಿಂತು, ಯಾರದೋ ಬಟ್ಟೆ ಒಣಗುತ್ತಿದ್ದ ಬಾಲ್ಕನಿ ನೋಡಿದರು. "ಇಲ್ಲಿಂದ ಅವರು ಊಟಕ್ಕೆ ಮನೆಗೆ ಬರೋರು ಕಣೇ. ಬಿಸಿ ಬಿಸಿ ಸಾರು. ಈಗ ನೋಡು, ಸ್ವಾತಂತ್ರ್ಯ ಬಂದಿದೆ, ಡಬ್ಬಿ ತಣ್ಣಗಾಗಿದೆ."

ಮ್ವಾಲಿಮು ಮನೆಯ ಚಹಾ

ಸರ್ಟಿಫಿಕೇಟ್ ಬಗ್ಗೆ ಮಾವನನ್ನು ಮೂರು ಸಲ ಕೇಳಿದೆ, ಮೂರು ಸಲವೂ ತತ್ವ ಸಿಕ್ಕಿತು. ಕೊನೆಗೆ ಸಂಘದ ಹಾಲಿ ಕಾರ್ಯದರ್ಶಿಯ ಮನೆ ಬಾಗಿಲು ತಟ್ಟಿದೆ. ಆಕೆ ನಿವೃತ್ತ ಮುಖ್ಯ ಶಿಕ್ಷಕಿ. ಓಣಿಯೆಲ್ಲ ಆಕೆಯನ್ನು ಮ್ವಾಲಿಮು, ಅಂದರೆ ಟೀಚರ್, ಎಂದೇ ಕರೆಯುವುದು. ಕೇಳದೆಯೇ ಚಹಾ ಕೊಟ್ಟರು, ಹಾಲಿನಲ್ಲೇ ಕುದಿಸಿದ್ದು, ಸಕ್ಕರೆ ಮೊದಲೇ ಹಾಕಿದ್ದು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಆಕೆಯ ಮಡಿಲಲ್ಲಿ ಒಂದು ಕಂದು ಕೈಚೀಲ. ಅದರೊಳಗೆ ಕರವಸ್ತ್ರದಲ್ಲಿ ಸುತ್ತಿದ ದುಂಡು ಮೊಹರು, ಇಂಕು ಪ್ಯಾಡು. ಮೊಹರು ನೋಡಿ ನನ್ನ ಬೆನ್ನು ನೆಟ್ಟಗಾಯಿತು.

ನನ್ನ ಕಥೆ ಪೂರ್ತಿ ಕೇಳಿ ಆಕೆ ತಲೆ ಅಲ್ಲಾಡಿಸಿದರು. ನೀನು ಸಂಘದ ಬಳಿ ಕಲಿಯಲು ಬಂದವಳಲ್ಲ, ನಿನ್ನ ಮಾವನ ಗುಂಪಿನ ಬಳಿ ಬಂದವಳು. ಪತ್ರ ಅವರೇ ಕೊಡಬೇಕು, ನಾನು ಕೊಟ್ಟರೆ ಸುಳ್ಳಾಗುತ್ತದೆ ಎಂದರು. ಅಷ್ಟು ನೆಟ್ಟಗಿನ ಹೆಂಗಸು. ನನಗೆ ಸಿಟ್ಟೂ ಬಂತು, ಗೌರವವೂ ಬಂತು. ಭಾನುವಾರ ನೀವು ಸೋಲುತ್ತೀರಿ ಎಂದೆ. ಗೊತ್ತು, ನಾನೂ ಅವರಿಗೇ ಓಟು ಹಾಕುತ್ತೇನೆ ಎಂದರು. ಯಾಕೆಂದು ಕೇಳಿದರೆ, ಈ ಚೀಲ ಎಷ್ಟು ಭಾರವೆಂದು ಅವರಿಗೂ ತಿಳಿಯಲಿ, ನನ್ನ ಮಂಡಿ ನೋಯುತ್ತದೆ ಎಂದರು.

ಭಾನುವಾರ ಗೆದ್ದರು, ಸೋಮವಾರ ಹೊರಗೆ ನಿಂತರು

ಹನ್ನೆರಡು ಓಟು ಬಂದವು, ಒಂದು ಮ್ವಾಲಿಮು ಅವರದು. ಡೇಲ್ ಮಾವನನ್ನು ಅಪ್ಪಿಕೊಂಡ. ಹತ್ತು ನಿಮಿಷದಲ್ಲಿ ಸಂಘ ವಿಸರ್ಜನೆಯಾಯಿತು. ಮ್ವಾಲಿಮು ಕಂದು ಚೀಲವನ್ನು ಮಾವನ ಕೈಗಿಟ್ಟು, ಭುಜ ತಿರುಗಿಸಿ ಮೂಳೆ ಸಡಿಲಿಸಿಕೊಂಡು ಮನೆಗೆ ನಡೆದರು. ಮಾವ ಅದನ್ನು ಸತ್ತ ಇಲಿ ಹಿಡಿದ ಹಾಗೆ ಹಿಡಿದು ಕಾರಿನ ಹಿಂದಿನ ಸೀಟಿಗೆ ಎಸೆದರು.

ಹೊಸ ಪದ್ಧತಿ ಸರಳ. ಇನ್ನು ಮೇಲೆ ಪ್ರತಿ ಮನೆಯೂ ಕಾವಲುಗಾರನ ಜೊತೆ ತನ್ನದೇ ಒಪ್ಪಂದ ಮಾಡಿಕೊಳ್ಳಬೇಕು. ಓಟಿಯೆನೋ ಇದನ್ನು ಎಲ್ಲರಿಗಿಂತ ಗಂಭೀರವಾಗಿ ತೆಗೆದುಕೊಂಡ. ಒಪ್ಪಂದ ಮಾಡಿಕೊಂಡ ಮನೆಗಳ ಪಟ್ಟಿ ಬರೆದು ಗೇಟಿಗೆ ಅಂಟಿಸಿದ. ಹಳೆಯ ನಿವಾಸಿಗಳು ಬೆಳಿಗ್ಗೆಯೇ ಸಹಿ ಹಾಕಿದ್ದರು. ನಮ್ಮವರು ಸಹಿ ಹಾಕುವ ಜನವಲ್ಲವಲ್ಲ!

ಸೋಮವಾರ ಸಂಜೆ ಆರು ಗಂಟೆಗೆ ಗೇಟಿನ ಹೊರಗೆ ಹನ್ನೊಂದು ಕಾರುಗಳು ನಿಂತಿದ್ದವು. ಮೊದಲನೆಯದು ಮಾವನದು. ಮೂರು ಗಂಟೆ ಜಾಮು ದಾಟಿ ಬಂದವರು, ತಮ್ಮದೇ ಮನೆಯ ಮಾಡು ಕಾಣಿಸುವಷ್ಟು ಹತ್ತಿರ.

"ತೆಗಿಯಯ್ಯಾ, ನಾನೇ ಕಣಯ್ಯಾ" ಎಂದು ಸಿಟ್ಟಿನಲ್ಲಿ ಕನ್ನಡದಲ್ಲೇ ಕೂಗಿದರು.

ಓಟಿಯೆನೋ ಬಹಳ ವಿನಯದಿಂದ ಪಟ್ಟಿ ತೋರಿಸಿದ.

ಗೇಟಿನ ಒಳಗಡೆ ನಾನೂ ಶೈಲತ್ತೆಯೂ ಅನನ್ಯಾಳೂ ಸಾಲಾಗಿ ನಿಂತಿದ್ದೆವು. ಅತ್ತೆ ಸರಳುಗಳ ನಡುವೆ ಮುಖವಿಟ್ಟು ಕೇಳಿದರು, "ಏನ್ರೀ, ಫ್ರೀ ಆದ್ರಾ?"

"ಶೈಲಾ, ಸುಮ್ನಿರು."

"ಡ್ಯಾಡ್, ಜಸ್ಟ್ ಸೈನ್ ಇಟ್!"

"ಒಂದೇ ಗೇಟು, ಒಬ್ಬನೇ ಅಸ್ಕಾರಿ! ಇದು ಮೊನಾಪಲಿ ಕಣೇ, ಒಪ್ಪಂದ ಅಲ್ಲ. ಒಪ್ಕೊಂಡ್ರೆ ಎಲ್ಲಾರಿಗೂ..." ಹಿಂದಿನ ಹತ್ತು ಕಾರುಗಳ ಹಾರ್ನು ಅವರ ವಾಕ್ಯ ನುಂಗಿತು. ನೈರೋಬಿಯಲ್ಲಿ ನಾನು ಕೇಳಿದ ಮೊದಲ ಹಾರ್ನು.

ಅಲ್ಲೇ, ಕಾರುಗಳ ನಡುವೆ ತುರ್ತು ಸಭೆ ಸೇರಿತು. ಮೊದಲ ಬಾರಿಗೆ ಅದು ಐದೇ ನಿಮಿಷದಲ್ಲಿ ಮುಗಿಯಿತು, ಎಲ್ಲರಿಗೂ ಮೂತ್ರಕ್ಕೆ ಅವಸರವಿತ್ತು. ವಿಸರ್ಜನೆಯನ್ನು ತಾತ್ಕಾಲಿಕವಾಗಿ ತಡೆಹಿಡಿಯುವುದು. ಮಾವ ತಾತ್ಕಾಲಿಕ ಸಂಯೋಜಕರು. ಅಧ್ಯಕ್ಷರಲ್ಲ, ಗಮನಿಸಿ. ಮಾವ ಹೋಗಿ ಹಾಗೆಂದು ತಿಳಿಸಿದರೆ ಓಟಿಯೆನೋ ಒಪ್ಪಬೇಕಲ್ಲ? ಬಾಯಿಮಾತು ಸಾಲದು, ಮ್ವಾಲಿಮು ಕಾಗದದಲ್ಲಿ ಬರೆದು ಮೊಹರು ಹಾಕುತ್ತಿದ್ದರು ಎಂದ.

ಮಾವ ಹಿಂದಿನ ಸೀಟಿನಿಂದ ಕಂದು ಚೀಲ ತೆಗೆದರು. ಕಾರಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು, ಎಲ್ಲರನ್ನೂ ಒಳಗೆ ಬಿಡತಕ್ಕದ್ದು ಎಂದು ಬರೆದು, ಮೊಹರನ್ನು ಪ್ಯಾಡಿಗೆ ಒತ್ತಿ, ಒಮ್ಮೆ ಉಸಿರು ಬಿಗಿಹಿಡಿದು ಕಾಗದಕ್ಕೆ ಒತ್ತಿದರು.

ಗೇಟು ತೆರೆಯಿತು. ಹನ್ನೊಂದು ಕಾರುಗಳೂ ಒಳಗೆ ಬಂದವು. ಮಾವ ಮಾತ್ರ ಕಾರು ಒಳಗೆ ಬಿಟ್ಟು ಬಂದು, ಮೊಹರು ಹಿಡಿದು ಗೇಟಿನ ಹತ್ತಿರವೇ ನಿಂತಿದ್ದರು. ಆ ಮುಖ ನನಗೆ ಗೊತ್ತು. ನಮ್ಮ ಕಚೇರಿಗೆ ಹೊಸದಾಗಿ ಬಡ್ತಿ ಪಡೆದು ಬರುವ ಶಿರಸ್ತೇದಾರರಿಗೆ ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಆ ಮುಖ ಬಂದಿರುತ್ತದೆ.

ಮಂಗಳವಾರ: ಅರ್ಜಿ

ಮರುದಿನ ಮಾವ ಕಾರ್ಖಾನೆಗೆ ರಜೆ ಹಾಕಿದರು. ಊಟದ ಮೇಜು ಕಚೇರಿಯಾಯಿತು. ಕಸದ ಲಾರಿಯ ವೇಳಾಪಟ್ಟಿಗೆ ಮೊಹರು. ಅತಿಥಿಗಳ ಕಾರಿನ ಪಾಸಿಗೆ ಮೊಹರು. ಬೀದಿ ದೀಪ ಆರಿಸುವ ಸಮಯಕ್ಕೆ ಮೊಹರು. ಡೇಲ್‌ನ ನಾಯಿಗೂ ಒಂದು ಪಾಸು ಸಿಕ್ಕಿತು. ಅವನೇ ಬಂದು ಕೇಳಿ ತೆಗೆದುಕೊಂಡು ಹೋದ. ಮ್ವಾಲಿಮು ಮೂಲೆಯ ಕುರ್ಚಿಯಲ್ಲಿ ಕೂತು, ಪ್ಯಾಡಿಗೆ ಇಂಕು ಎಷ್ಟು ಹಾಕಬೇಕೆಂದು ಹೇಳಿಕೊಡುತ್ತಿದ್ದರು.

ನಾನು ಎದುರಿಗೆ ನಿಂತೆ. "ಮಾವ, ನಾಳೆ ಹೊರಡ್ತೀನಿ. ನನ್ನ ಸರ್ಟಿಫಿಕೇಟು?"

ಮಾವ ತಲೆ ಎತ್ತಲಿಲ್ಲ. "ಅರ್ಜಿ ಎಲ್ಲಿ?"

"ಏನು?"

"ಅರ್ಜಿ ಕಣೇ. ಬರ್ಕೊಂಡು ಬಾ. ಎರಡು ಕಾಪಿ. ಪಾಸ್‌ಪೋರ್ಟ್ ಜೆರಾಕ್ಸ್ ಲಗತ್ತಿಸು. ಸುಮ್ನೆ ಹಂಗೆಲ್ಲ ಕೊಡೋಕಾಗಲ್ಲ, ನಾಳೆ ಯಾರಾದ್ರೂ ಕೇಳ್ತಾರೆ."

ಅಡುಗೆಮನೆಯಲ್ಲಿ ಶೈಲತ್ತೆಯ ಕೈಯಿಂದ ಸೌಟು ಬಿತ್ತು. ನಾನು ಮಾತ್ರ ನಗಲಿಲ್ಲ. ಎಷ್ಟೋ ವರ್ಷಗಳಿಂದ ಕಿಟಕಿಯ ಆ ಕಡೆ ಕೂತು ಇದೇ ಮಾತನ್ನು ಇದೇ ರಾಗದಲ್ಲಿ ನಾನೂ ಜನರಿಗೆ ಹೇಳಿದ್ದೇನೆ. ಸುಮ್ಮನೆ ಕೂತು ಬರೆದೆ. ಗೆ, ತಾತ್ಕಾಲಿಕ ಸಂಯೋಜಕರು. ಇಂದ, ರೇಣುಕಾ. ವಿಷಯ, ಪ್ರಮಾಣಪತ್ರ ಕೋರಿ. ಎರಡು ಪ್ರತಿ. ಕೊನೆಯಲ್ಲಿ "ತಮ್ಮ ವಿಶ್ವಾಸಿ" ಕೂಡ ಹಾಕಿದೆ.

ಮಾವ ಅದನ್ನು ಎರಡು ಸಲ ಓದಿದರು. ಕಂದು ಚೀಲದಿಂದ ಸಂಘದ ಹಳೆಯ ಲೆಟರ್‌ಹೆಡ್ ತೆಗೆದು ಇಂಗ್ಲಿಷಿನಲ್ಲಿ ಬರೆಯತೊಡಗಿದರು. ನನ್ನ ಹೆಸರಿನ ಹತ್ತಿರ ಪೆನ್ನು ನಿಂತಿತು.

"ಹೆಸರಿನ ಮುಂದೆ ಎಂ.ಎ. ಹಾಕ್ಲಾ?"

"ಹಾಕಿ ಮಾವ. ಬಿ.ಎ.ನೂ ಹಾಕಿ."

"ಎಂ.ಎ. ಇದ್ರೆ ಬಿ.ಎ. ಹಾಕೋ ರೂಢಿ ಇಲ್ಲ."

"ನೀವು ಹಾಕಿ."

ಅವರು ನನ್ನ ಮುಖ ನೋಡಿದರು. ಆಮೇಲೆ ಬಿ.ಎ. ಎಂದು ಬರೆದರು, ನಿಧಾನವಾಗಿ, ಚುಕ್ಕಿಗಳನ್ನೂ ಒತ್ತಿ. ಅದರ ಪಕ್ಕ ಎಂ.ಎ. "ಅವತ್ತು ನಿಮ್ಮನೆ ಹೊಸ್ತಿಲಲ್ಲಿ ನಾನು ಏನೋ ಅಂದಿದ್ದೆ" ಎಂದರು ಕಾಗದಕ್ಕೆ ಹೇಳುವ ಹಾಗೆ.

"ನೆನಪಿದೆ ಮಾವ."

"ನನಗೂ ಇದೆ."

ಮೊಹರು ಒತ್ತಿದರು. ಅರ್ಧ ಬಿತ್ತು. ಮ್ವಾಲಿಮು ನಾಲಿಗೆಯಿಂದ ಲೊಚಗುಟ್ಟಿದರು. ಇನ್ನೊಂದು ಒತ್ತಿದರು, ಅದು ನೆಟ್ಟಗೆ ಬಿತ್ತು. ಖಾತ್ರಿಗೆ ಸಹಿಯ ಮೇಲೊಂದು. ಖುಷಿಗೆ ಮೂಲೆಯಲ್ಲೊಂದು.

ಅಷ್ಟರಲ್ಲಿ ಶೈಲತ್ತೆ ದಾವಣಗೆರೆಗೆ ವಿಡಿಯೋ ಕಾಲ್ ಹಚ್ಚಿ ಫೋನನ್ನು ಮೇಜಿನ ಕಡೆ ಹಿಡಿದಿದ್ದರು. ಮಾವ ಕುರ್ಚಿ ಸರಿಸಿ ಎದ್ದು ನಿಂತು, ಪ್ರಮಾಣಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಫೋನಿನಲ್ಲಿ ಅವ್ವನ ಮುಖ ಹತ್ತಿರ ಬಂತು, ಹಣೆ ಮತ್ತು ಒಂದು ಕಣ್ಣು ಮಾತ್ರ. ಓದು ಬಾರದ ಅವ್ವನಿಗೆ ಮೊಹರು ಚೆನ್ನಾಗಿ ಬರುತ್ತದೆ. ಇಪ್ಪತ್ತೈದು ವರ್ಷ ಅವುಗಳ ಇಂಕು ಒರೆಸಿದವಳು.

"ನಾಕು ಐತಲ್ಲೇ! ನಮ್ಮ ಆಫೀಸ್ನಾಗೆ ಒಂದಕ್ಕೇ ಮೂರು ದಿನ ಕುಂದರಿಸ್ತಾರೆ. ಸರ್ಕಾರ ಬ್ಯಾಡ ಅನ್ನೋರೇ ವಾಸಿ ನೋಡವ್ವ, ಕೈತುಂಬ ಕೊಡ್ತಾರೆ."

ಆಮೇಲೆ ಫೋನಿನಲ್ಲಿ ಆ ಒಂದು ಕಣ್ಣು ಮಾವನ ಕಡೆ ತಿರುಗಿತು.

"ಲೇ ಪರಮೇಶಿ, ಊರಿಗೆ ಬಂದಾಗ ಮನಿಗೆ ಬಾ. ಅವತ್ತು ಒಳಗೆ ತಗಂಡು ಹೋದ ಬಜ್ಜಿ ತಟ್ಟೆ ಹೊರಗೆ ತರ್ತೀನಿ."